ಬಾಗಿಲುಗಳ ಹಡಗು

ಸಜ್ಜೆ ತೂರುವ ದಿನ ಅವನು ಮೊದಲ ಸಲ ಮನೆ ಬಿಟ್ಟು ಹೊರಟ. ಕಣದಲ್ಲಿ ರಾಶಿ ಬಿದ್ದಿತ್ತು, ಮೊರ ಅವನ ಕೈಯಲ್ಲಿತ್ತು, ಗಾಳಿ ಮಾತ್ರ ಇರಲಿಲ್ಲ. ಅವ್ವ ಆಕಾಶದ ಕಡೆ ಮುಖ ಎತ್ತಿ, "ಬರುತ್ತೆ, ಬಂದೇ ಬರುತ್ತೆ, ಅಲ್ಲೀತನಕ ಒಂದು ಕಡೆ ಕೂತ್ಕೊ" ಅಂದಳು. ಒಂದು ಕಡೆ ಕೂರುವುದು ಅವನಿಗೆ ಹುಟ್ಟಿದಾಗಿನಿಂದಲೂ ಬರುತ್ತಿರಲಿಲ್ಲ. ಕಾಲಲ್ಲಿ ಚಕ್ರ ಇಟ್ಟುಕೊಂಡೇ ಹುಟ್ಟಿದ್ದಾನೆ ಅಂತ ಊರು ಆಡಿಕೊಳ್ಳುತ್ತಿತ್ತು, ತಿರುಗಾಲ ಅಂತಲೇ ಕರೆಯುತ್ತಿತ್ತು. ಗಾಳಿ ಎಲ್ಲಿ ಸಿಕ್ಕಿಹಾಕಿಕೊಂಡಿದೆಯೋ ನೋಡೋಣ ಅಂತ ತಿರುಗಾಲ ಮೊರ ಕೆಳಗಿಟ್ಟು ಗುಡ್ಡದ ಕಡೆ ನಡೆದ. ಹೋಗಿ ಬರ್ತೀನಿ ಅನ್ನಲಿಲ್ಲ. ಹೇಳಿ ಹೋಗುವಂಥ ದೂರವೇನಿತ್ತು, ಒಂದು ಗುಡ್ಡ.

ಒಂದು ಗುಡ್ಡದ ಹಿಂದೆ ಇನ್ನೊಂದು ಗುಡ್ಡವಿತ್ತು. ಅದರ ಹಿಂದೆ ಹಗ್ಗ ಹಿಡಿದವರು ಕೂತಿದ್ದರು.

ಗಾಳಿ ಅವನಿಗೆ ಸಿಕ್ಕಿತು. ನಲವತ್ತು ದಿನ ಹಗ್ಗದ ಹಿಂದೆ ನಡೆದ ಮೇಲೆ ಸಿಕ್ಕಿತು. ಸಮುದ್ರ ಅನ್ನುವ ನೀರಿನ ಮೇಲೆ, ಒಂದು ಹಡಗಿನ ಪಟಗಳಿಗೆ ಅದನ್ನು ಕಟ್ಟಿಹಾಕಿದ್ದರು. ಅವನನ್ನು ಕೆಳಗೆ, ಹಡಗಿನ ಹೊಟ್ಟೆಯಲ್ಲಿ ಕಟ್ಟಿಹಾಕಿದರು. ಅವನ ಬಲಗಾಲಿಗೂ ಇನ್ನೊಬ್ಬಳ ಎಡಗಾಲಿಗೂ ಒಂದೇ ಕಬ್ಬಿಣ. ಆ ಹೊಟ್ಟೆಯಲ್ಲಿ ಮುನ್ನೂರು ಜನರಿದ್ದರು. ಅವನ ಮಾತು ಬಲ್ಲವಳು ಅವಳೊಬ್ಬಳೇ. ಮೊರ ಹೆಣೆಯುವವರ ಮಗಳು ಅವಳು, ಮೊದಲ ಗುಡ್ಡದ ಆಚೆ ಪಕ್ಕದವಳು.

"ನೀನು ಹೇಳಿದ್ಯಲ್ಲ, ಕಣದಾಗಿಟ್ಟು ಬಂದ ನಿಮ್ಮವ್ವನ ಮೊರ, ಅದಕ್ಕೆ ಅಂಚಿನಾಗೆ ಎರಡು ಕೆಂಪು ಎಳೆ ಇತ್ತಾ?" ಅಂತ ಕತ್ತಲಲ್ಲಿ ಕೇಳಿದಳು.

"ಇತ್ತು."

"ಹಂಗಾದ್ರೆ ನಾನು ಹೆಣೆದದ್ದೇ. ನೀನು ಕೆಳಗಿಟ್ಟು ಬಂದಿದ್ದು ನನ್ನ ಮೊರ. ಹೋಗಿ ಎತ್ತಿಡು."

ಅವನು ನಕ್ಕ. ಆ ಹೊಟ್ಟೆಯಲ್ಲಿ ಯಾರೋ ನಕ್ಕದ್ದು ಕೇಳಿ ಸುತ್ತಲಿನವರಿಗೆ ಭಯವಾಯಿತು.

ಅರವತ್ತು ದಿನ ಅವರು ಹಾಗೇ ಮಲಗಿದ್ದರು. ಅರವತ್ತೊಂದನೇ ದಿನ ಮೇಲೆ ಗುಡುಗಿನಂಥದ್ದು ಹೊಡೆಯಿತು. ಮುಚ್ಚಳ ತೆಗೆದರು. ಬಿಳಿ ಪಟದ ಇನ್ನೊಂದು ಹಡಗು ಬಂದು ಇವರ ಹಡಗನ್ನು ಹಿಡಿದಿತ್ತು. ಅದರ ಕಪ್ತಾನ ಮೂಗಿಗೆ ಬಟ್ಟೆ ಹಿಡಿದು ಒಳಗೆ ಬಗ್ಗಿ ನೋಡಿದ, ಅತ್ತ, ಏನೋ ಹೇಳಿದ. ದುಭಾಷಿ ಅದನ್ನು ಹತ್ತು ಭಾಷೆಯಲ್ಲಿ ಕೂಗಿದ: "ನಿಮಗೆ ಬಿಡುಗಡೆ ಆಯಿತು!"

ಮತ್ತೆ ಮೂರು ದಿನ ತೇಲಿ ಆ ಊರಿಗೆ ಬಂದರು.

ಆ ಊರಿಗೆ ಮೂರು ಕಡೆ ಸಮುದ್ರ, ಒಂದು ಕಡೆ ಹತ್ತಲಾಗದ ಬಂಡೆ. ಅಲ್ಲೊಂದು ಕಟ್ಟಳೆ ಇತ್ತು. ಮನುಷ್ಯರನ್ನು ಮಾರಲು ಹೊತ್ತು ತಂದ ಹಡಗನ್ನು ಅಲ್ಲಿ ಇಡಿಯಾಗಿ ಉಳಿಸುತ್ತಿರಲಿಲ್ಲ. ದಡಕ್ಕೆಳೆದು, ನಡುವೆ ಗರಗಸ ಹಾಕಿ, ಎರಡು ಮಾಡುತ್ತಿದ್ದರು. ಇನ್ನೆಂದೂ ಅದು ಯಾರನ್ನೂ ಹೊರಬಾರದು ಅಂತ. ಒಳ್ಳೆಯ ಕಟ್ಟಳೆ. ಆದರೆ ಹಡಗು ಅಂದರೆ ಬರೀ ಹಲಗೆಯೇ, ಒಳಗಿದ್ದ ಜನರೂ ಸೇರಿಯೇ ಹಡಗಲ್ಲವೇ ಅಂತ ಹಿಂದೆ ಯಾವನೋ ಬುದ್ಧಿವಂತ ಕೇಳಿದ್ದನಂತೆ. ಅಂದಿನಿಂದ ಗರಗಸದ ಗೆರೆಗೆ ಮುಂದಿದ್ದವರು ಮುಂದಿನ ಅರ್ಧ, ಹಿಂದಿದ್ದವರು ಹಿಂದಿನ ಅರ್ಧ. ಮುಂದಿನ ಅರ್ಧ ಕಲ್ಲಿನ ದಿಬ್ಬದ ಕಡೆಗೆ. ಹಿಂದಿನ ಅರ್ಧ ಹಳ್ಳದಾಚೆ ಉಪ್ಪಿನ ಗದ್ದೆಗೆ. ಅವರಿವರು ಕೂಡುವಂತಿಲ್ಲ. ಕೂಡಿದರೆ ಅದು ಮತ್ತೆ ಹಡಗು. ಹಡಗು ಆ ಊರಲ್ಲಿ ಅಪರಾಧ.

ಗಂಟೆ ಮೂರು ಸಲ ಹೊಡೆಯಿತು. "ಯಾರು ಎಲ್ಲಿ ಮಲಗಿದ್ದಿರೋ ಅದರ ಮೇಲೆಯೇ ನಿಲ್ಲಿ" ಅಂತ ದುಭಾಷಿ ಕೂಗಿದ. ಜನ ಹಡಗಿನ ಮೇಲೆ ತಂತಮ್ಮ ಜಾಗ ಹುಡುಕಿ ನಿಂತರು. ಅರವತ್ತು ದಿನ ಮಲಗಿದ್ದ ಜಾಗ ಯಾರಿಗೆ ಮರೆಯುತ್ತದೆ? ಮೊರದವಳು ನಿಂತಳು, ತಿರುಗಾಲ ಅವಳ ಪಕ್ಕ ನಿಂತ. ಆ ಬೆಳಿಗ್ಗೆ ತಾನೇ ಕಾಲಿನ ಕಬ್ಬಿಣ ಬಿಚ್ಚಿದ್ದರು. ಅಷ್ಟು ದಿನಗಳ ಮೇಲೆ ಬಲಗಾಲು ಹಗುರವಾಗಿತ್ತು. ದಡದಲ್ಲಿ ಒಂದು ಗುಡ್ಡ ಕಾಣುತ್ತಿತ್ತು. ಅದರ ಹಿಂದೆ ಏನಿದೆಯೋ ನೋಡೋಣ ಅಂತ ಅವನ ಕಾಲು, ಅವನನ್ನು ಕೇಳದೆ, ಒಂದು ಹೆಜ್ಜೆ ಮುಂದೆ ಹೋಯಿತು.

ಅದೇ ಹೊತ್ತಿಗೆ, ಕೊಯ್ಯುವ ಗೆರೆ ಹಾಕಲು, ಆ ಊರಿನ ಗರಗಸದಜ್ಜ ಸುಣ್ಣದಲ್ಲಿ ಅದ್ದಿದ ದಾರ ಎಳೆದು ಚಿಟ್ಟನೆ ಬಿಟ್ಟ. ಬಿಳಿಯ ಗೆರೆ ತಿರುಗಾಲನ ಹಿಮ್ಮಡಿಗೆ ತಾಗಿ ಬಿತ್ತು.

"ಏ, ಹಿಂದೆ ಬಾರೋ" ಅಂದಳು ಮೊರದವಳು, ನಗುತ್ತಾ.

"ಬಂದೆ" ಅಂತ ಕಾಲೆತ್ತಿದ. ಕಾವಲಿನವನ ಬೆತ್ತ ಅಡ್ಡ ಬಂತು. ಗೆರೆ ಇನ್ನೂ ಹಸಿಯಾಗಿತ್ತು. ಹಸಿ ಗೆರೆ ತುಳಿಯಬಾರದು, ಒಣಗಿದ ಗೆರೆ ದಾಟಬಾರದು.

ಗರಗಸ ಇಡೀ ದಿನ ಕೊಯ್ಯಿತು. ಸಂಜೆಗೆ ಹಡಗು ಹಲಸಿನ ಹಣ್ಣಿನ ಹಾಗೆ ಎರಡಾಗಿ ಬಾಯಿಬಿಟ್ಟಿತು. ಬಿಳಿ ಟೋಪನ್ನಿನ ನ್ಯಾಯಾಧೀಶ ಪುಸ್ತಕ ತೆರೆದು ಓದಿದ: "ಇನ್ನು ನೀವು ಯಾರ ಆಳೂ ಅಲ್ಲ. ಎಲ್ಲಿಗೆ ಬೇಕಾದರೂ ಹೋಗಬಹುದು." ಒಬ್ಬೊಬ್ಬರ ಕೊರಳಿಗೂ ಒಂದು ತಗಡಿನ ಬಿಲ್ಲೆ ಕಟ್ಟಿದರು. ಒಬ್ಬೊಬ್ಬರಿಗೂ ಅವರವರ ಹಡಗಿನದೇ ಒಂದು ಹಲಗೆ ಕೊಟ್ಟರು, ಗುಡಿಸಲಿಗೆ ಬಾಗಿಲು ಮಾಡಿಕೊಳ್ಳಿ ಅಂತ.

ತಿರುಗಾಲ ದಡದ ಉದ್ದಕ್ಕೂ ಕಣ್ಣು ಹಾಯಿಸಿದ. ಅರ್ಧ ಹಡಗುಗಳು ಬಿದ್ದಿದ್ದವು. ಮುಂದಿನ ಅರ್ಧಗಳು, ಹಿಂದಿನ ಅರ್ಧಗಳು, ಹಳೆಯವು, ಕೊಳೆತವು. ಇಡಿಯಾದದ್ದು ಆ ಕಪ್ತಾನನದೊಂದೇ. ಅದು ಆಗಲೇ ಪಟ ಬಿಚ್ಚಿತ್ತು, ಇನ್ನಷ್ಟು ಜನರನ್ನು ಬಿಡಿಸಲು.

"ಎಲ್ಲಿಗೆ ಬೇಕಾದರೂ ಅಂದರಲ್ಲ. ಯಾವುದರಲ್ಲಿ ಹೋಗೋದು?" ಅಂತ ದುಭಾಷಿಯನ್ನು ಕೇಳಿದ.

ದುಭಾಷಿ ಅದನ್ನು ನ್ಯಾಯಾಧೀಶನಿಗೆ ಹೇಳಲಿಲ್ಲ. "ಆ ಪ್ರಶ್ನೆಗೆ ಅವರ ಭಾಷೆಯಲ್ಲಿ ಮಾತಿಲ್ಲ ಮಾರಾಯ" ಅಂದುಬಿಟ್ಟ.

*

ಬಿಡುಗಡೆ ಆದವರಿಗೆ ಬಿಡುಗಡೆಯಲ್ಲಿ ಬದುಕುವುದು ಗೊತ್ತಿರುವುದಿಲ್ಲ, ಅದನ್ನು ಹದಿನಾಲ್ಕು ವರ್ಷ ಕಲಿಯಬೇಕು. ಹೀಗಂತ ಆ ಊರಿನ ನಂಬಿಕೆ. ಮುಂದಿನ ಅರ್ಧದವರು ಕಲ್ಲು ಒಡೆದು ಕಲಿತರು. ಹಿಂದಿನ ಅರ್ಧದವರು ಉಪ್ಪು ಎಳೆದು ಕಲಿತರು. ತಿರುಗಾಲನನ್ನು ಗರಗಸದ ಗುಂಡಿಗೆ ಹಾಕಿದರು.

ಆ ಗರಗಸಕ್ಕೆ ಇಬ್ಬರು ಬೇಕು. ಒಬ್ಬ ಮೇಲೆ ನಿಂತು ಎಳೆಯಬೇಕು, ಒಬ್ಬ ಗುಂಡಿಯೊಳಗೆ ನಿಂತು ಎಳೆಯಬೇಕು. ಮೇಲಿನವನಿಗೆ ಗೆರೆ ಕಾಣುತ್ತದೆ. ಕೆಳಗಿನವನ ಕಣ್ಣಿಗೆ ಹೊಟ್ಟು ಬೀಳುತ್ತದೆ. ಗರಗಸದಜ್ಜ ಮೇಲೆ, ತಿರುಗಾಲ ಕೆಳಗೆ. ಹಡಗು ಬರುತ್ತಿತ್ತು, ಗಂಟೆ ಹೊಡೆಯುತ್ತಿತ್ತು, ಸುಣ್ಣದ ದಾರ ಚಿಟ್ಟನ್ನುತ್ತಿತ್ತು, ಹೊಟ್ಟು ಬೀಳುತ್ತಿತ್ತು. ಮತ್ತೆ ಹಡಗು ಬರುತ್ತಿತ್ತು.

"ತಲೆ ಎತ್ತಬೇಡ, ಕಣ್ಣಿಗೆ ಬೀಳುತ್ತೆ" ಅಂತಿದ್ದ ಅಜ್ಜ ಮೇಲಿಂದ.

"ತಲೆ ಎತ್ತದೆ ಇದ್ರೆ ಎಲ್ಲಿ ಕೊಯ್ತಿದ್ದೀವಿ ಅಂತ ಹೆಂಗೆ ಗೊತ್ತಾಗುತ್ತೆ?"

"ಅದಕ್ಕೇ ಅಲ್ವೇನೋ ನಿನ್ನ ಕೆಳಗೆ ನಿಲ್ಸಿರೋದು. ಕೆಳಗಿರೋನು ಪುಣ್ಯವಂತ."

ವರ್ಷಕ್ಕೊಂದು ದಿನ, ಅವರವರ ಹಡಗು ಕೊಯ್ದ ದಿನ, ಎರಡೂ ಅರ್ಧದವರು ಹಳ್ಳದ ಎರಡು ದಂಡೆಗೆ ಬಂದು ನಿಂತು ಕೂಗಿ ಮಾತಾಡಬಹುದಿತ್ತು. ಹಳ್ಳ ಅಗಲ, ಉಪ್ಪುನೀರಿನದು. ನಡುವೆ ಕಾವಲಿನ ದೋಣಿ ನಿಂತಿರುತ್ತಿತ್ತು. ನೂರಾರು ಜನ ಒಟ್ಟಿಗೆ ಕೂಗುತ್ತಿದ್ದರಿಂದ ಯಾರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ತಿರುಗಾಲನಿಗೆ ಮಾತ್ರ ಆ ತೊಂದರೆ ಇರಲಿಲ್ಲ. ಅವನ ಭಾಷೆಯಲ್ಲಿ ಕೂಗುವ ಗಂಟಲು ಅಲ್ಲಿ ಒಂದೇ.

"ಏ ತಿರುಗಾಲ! ಬದುಕಿದ್ದೀಯಾ?"

"ಇದ್ದೀನಿ! ನೀನು?"

"ಉಪ್ಪಿಗೆ ಹಾಕಿದ ಮೀನು ಕೆಡುತ್ತೇನೋ? ಇದ್ದೀನಿ! ಮೊರ ಎತ್ತಿಟ್ಟೆಯಾ?"

"ಇನ್ನೂ ಇಲ್ಲ!"

"ಮಳೆ ಬಂದ್ರೆ ನೆನೆಯುತ್ತೆ ಕಣೋ! ನಿಮ್ಮವ್ವ ನನ್ನ ಬೈತಾಳೆ!"

ಪ್ರತಿ ವರ್ಷ ಅದೇ ಮಾತು. ಅವರಿಬ್ಬರ ಭಾಷೆ ಉಳಿದದ್ದು ಆ ನಾಲ್ಕು ಮಾತಿನಲ್ಲಿ. ಉಳಿದ ದಿನಗಳಲ್ಲಿ ತಿರುಗಾಲ ಆ ಊರಿನ ಭಾಷೆಯಲ್ಲಿ ಹಸಿದ, ಆ ಊರಿನ ಭಾಷೆಯಲ್ಲಿ ಉಂಡ. ಮಣ್ಣು ಅನ್ನುವುದಕ್ಕೆ ಅವ್ವ ಏನನ್ನುತ್ತಿದ್ದಳು ಅಂತ ಒಂದು ದಿನ ನೆನಪಾಗಲಿಲ್ಲ. ಹನ್ನೊಂದು ತಿಂಗಳು ಕಾದು ಹಳ್ಳದ ದಂಡೆಯಲ್ಲಿ ನಿಂತು ಕೇಳಿದ. ಅವಳು ಎರಡೂ ಕೈ ಬಾಯಿಗಿಟ್ಟು ಕೂಗಿದಳು: "ನಂಗೂ ಮರೆತುಹೋಗಿದೆ!"

ಅಂದು ಅವನು ಗೊತ್ತು ಮಾಡಿಕೊಂಡ. ಊರಿಗೆ ಹೋಗಬೇಕು, ಇವಳನ್ನು ಕರಕೊಂಡೇ ಹೋಗಬೇಕು. ಒಬ್ಬನೇ ಹೋದರೆ ಅವ್ವನ ಮುಂದೆ ಮೂಗನ ಹಾಗೆ ನಿಲ್ಲಬೇಕಾಗುತ್ತದೆ. ಅರ್ಧ ಮಾತು ಇವಳ ಹತ್ತಿರವಿದೆ.

*

ಹದಿಮೂರನೇ ವರ್ಷ ಗರಗಸದಜ್ಜ ಹಾಸಿಗೆ ಹಿಡಿದ. ಅವನೂ ಎಂದೋ ಒಂದು ಹಡಗಿನ ಮುಂದಿನ ಅರ್ಧದವನೇ. ತಿರುಗಾಲ ಅವನ ಬಾಯಿಗೆ ಗಂಜಿ ಬಿಡುತ್ತಿದ್ದ.

"ನಿನ್ನ ಗೆರೆ ನಾನೇ ಎಳೆದದ್ದು" ಅಂದ ಅಜ್ಜ.

"ಗೊತ್ತು."

"ಗೊತ್ತಿದ್ದೂ ನನ್ನ ಕೆಳಗೆ ನಿಂತು ಇಷ್ಟು ವರ್ಷ ಹೊಟ್ಟು ತಿಂದೆಯಾ?"

"ಬೇರೆ ಎಲ್ಲಿಗೆ ಹೋಗ್ಲಿ?"

ಅಜ್ಜ ನಗಲು ಹೋಗಿ ಕೆಮ್ಮಿದ. "ನಿನ್ನ ಬಲಗಾಲಲ್ಲಿ ಗಾಯ, ಅವಳ ಎಡಗಾಲಲ್ಲಿ ಗಾಯ. ಜೋಡಿ ಅಂತ ನೋಡಿದ ಕೂಡ್ಲೇ ಗೊತ್ತಾಯ್ತು ನಂಗೆ. ಗೇಣಷ್ಟು ಮುಂದೆ ಎಳೀಬಹುದಿತ್ತು. ಮುಂದೆ ಒಬ್ಬಳು ಬಾಣಂತಿ ನಿಂತಿದ್ದಳು, ಮಗು ಅವಳ ಅತ್ತೆ ಕೈಯಲ್ಲಿತ್ತು. ಗೇಣಷ್ಟು ಮುಂದೆ ಎಳೆದಿದ್ರೆ ತಾಯಿ ಆಚೆ, ಮಗು ಈಚೆ. ಇನ್ನು ನಾಳೆಯಿಂದ ದಾರ ನೀನು ಹಿಡೀತೀಯ. ಹಿಡಿದಾಗ ತಿಳಿಯುತ್ತೆ, ಖಾಲಿ ಜಾಗ ಹಡಗಲ್ಲಿ ಎಲ್ಲೂ ಇಲ್ಲ."

ಅಜ್ಜ ಹೋದ ಮೇಲೆ ದಾರ ತಿರುಗಾಲನ ಕೈಗೆ ಬಂತು. ಮೊದಲ ಹಡಗಿನಲ್ಲಿ ಒಬ್ಬ ಮುದುಕ ಮುದುಕಿ ಕೈ ಹಿಡಿದು ನಿಂತಿದ್ದರು; ಅವರನ್ನು ಉಳಿಸಲು ದಾರವನ್ನು ಗೇಣು ಸರಿಸಿದ, ಅದು ಅಣ್ಣತಮ್ಮಂದಿರ ನಡುವೆ ಬಿತ್ತು. ಎರಡನೆಯದರಲ್ಲಿ ಮೂರು ಸಲ ಸರಿಸಿದ. ನಾಲ್ಕನೇ ಸಲಕ್ಕೆ ಕಾವಲಿನವನ ಬೆತ್ತ ಬೆನ್ನಿಗೆ ಬಿತ್ತು. ಮೂರನೆಯದರಲ್ಲಿ ಕಣ್ಣು ಮುಚ್ಚಿ ಎಳೆದ. ಚಿಟ್ಟನೆ ಸದ್ದಾಯಿತು. ಒಬ್ಬ ಹೆಂಗಸು ಕೂಗಿಕೊಂಡ ಸದ್ದು ಆಮೇಲೆ ಬಂತು. ಅವನಿಗೆ ಗುಂಡಿಯಲ್ಲಿ ಹೊಟ್ಟು ತಿನ್ನುವುದೇ ವಾಸಿ ಅನ್ನಿಸಿತು.

ಹದಿನಾಲ್ಕು ತುಂಬಿತು. ಅವರ ಹಡಗಿನಿಂದ ಇಳಿದ ಮುನ್ನೂರರಲ್ಲಿ ಉಳಿದಿದ್ದವರು ನಲವತ್ತೊಂದು. ಮಿಕ್ಕವರು ಜ್ವರಕ್ಕೆ, ಕಲ್ಲಿಗೆ, ಉಪ್ಪಿಗೆ ಹೋಗಿ ಮರಳಿನ ಕೆಳಗೆ ಮಲಗಿದ್ದರು. ಅಜ್ಜ ಹೇಳಿದ ಆ ಬಾಣಂತಿ ಇರಲಿಲ್ಲ. ಅವಳ ಮಗಳು ಹದಿನಾಲ್ಕರ ಹುಡುಗಿಯಾಗಿ ಅಜ್ಜಿಯ ಸೆರಗು ಹಿಡಿದು ಓಡಾಡುತ್ತಿದ್ದಳು. ನಲವತ್ತೊಂದು ಜನ, ನಲವತ್ತೊಂದು ಬಾಗಿಲು. ಆ ಬಾಗಿಲುಗಳನ್ನು ಯಾರೂ ಎಂದೂ ಹಾಕಿಕೊಂಡಿರಲಿಲ್ಲ. ಹಾಕಿಕೊಂಡರೆ ಒಳಗೆ ಹಡಗಿನ ಹೊಟ್ಟೆಯದೇ ವಾಸನೆ.

ಹಳ್ಳದ ದಿನ ತಿರುಗಾಲ ತನ್ನ ಭಾಷೆಯಲ್ಲಿ ಕೂಗಿದ. ಕಾವಲಿನವರಿಗೆ ಅದು ಬರೀ ಸದ್ದು.

"ತೋಪು ಹಾರಿಸೋ ದಿನಕ್ಕೆ ಬಾಗಿಲು ಕಿತ್ತು ಇಟ್ಕೊಳ್ಳಿ! ಎಲ್ಲರಿಗೂ ಹೇಳು! ನಾನು ಕೊಯ್ಯೋದು ಕಲಿತಿದ್ದೀನಿ, ಹಂಗೇ ಜೋಡ್ಸೋದೂ ಗೊತ್ತು!"

"ಪಟ?"

"ಮೊರ ಹೆಣೆಯೋರಿಗೆ ನಾನು ಹೇಳಿಕೊಡ್ಬೇಕಾ?"

ಅವಳು ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ನಾಲ್ಕು ಮಾತಿನ ಆಚೆಗೆ ನಕ್ಕಳು.

ರಾಜನ ಹುಟ್ಟಿದ ದಿನ ಊರಿಗೆ ಊರೇ ತೋಪು ಹಾರಿಸಲು ದಿಬ್ಬ ಹತ್ತುತ್ತಿತ್ತು. ಆ ನಡು ಹಗಲಲ್ಲಿ, ನೀರು ಇಳಿದ ಹಳ್ಳದ ಕೆಸರಲ್ಲಿ, ಬೆನ್ನ ಮೇಲೆ ಬಾಗಿಲು ಹೊತ್ತ ಜನ ಎರಡು ಕಡೆಯಿಂದ ನಡೆದು ಬಂದರು. ಒಬ್ಬರನ್ನೊಬ್ಬರು ಮುಟ್ಟಿ ಮುಟ್ಟಿ ನೋಡಿದರು. ಮುಂದಿನ ಅರ್ಧದ ಹಲಗೆಗೆ ಹಿಂದಿನ ಅರ್ಧದ ಹಲಗೆ ತಂದು ಇಟ್ಟಾಗ ಹದಿನಾಲ್ಕು ವರ್ಷದ ಹಿಂದಿನ ಗರಗಸದ ಕಚ್ಚುಗಳು ಹಲ್ಲಿಗೆ ಹಲ್ಲು ಕೂತವು. ಸುಣ್ಣದ ಗೆರೆಯ ಬಿಳುಪು ಒಂದೆರಡು ಕಡೆ ಇನ್ನೂ ಇತ್ತು. ತಿರುಗಾಲ ಅದನ್ನು ಉಗುಳು ಹಚ್ಚಿ ಒರೆಸಿದ.

ತೋಪಿನ ಸದ್ದಿಗೆ ಸರಿಯಾಗಿ ಮೊಳೆ ಹೊಡೆದರು. ದಿಬ್ಬದ ಮೇಲೆ ನೂರೊಂದು ತೋಪು, ಹಳ್ಳದಲ್ಲಿ ನೂರೊಂದು ಮೊಳೆ. ಭರತ ಏರಿತು, ಬಾಗಿಲುಗಳ ಹಡಗು ತೇಲಿತು. ಮೊರದವಳು ಜೊಂಡಿನಲ್ಲಿ ಹೆಣೆದ ಪಟವನ್ನು ಏರಿಸಿದಳು. ಅಂಚಿನಲ್ಲಿ ಎರಡು ಕೆಂಪು ಎಳೆ.

"ಗಾಳಿ?" ಅಂದಳು.

ಅವನು ಬೆರಳು ಒದ್ದೆ ಮಾಡಿ ಎತ್ತಿದ. ಗಾಳಿ ಇತ್ತು. ಯಾರ ಪಟಕ್ಕೂ ಕಟ್ಟಿಹಾಕದ ಗಾಳಿ.

*

ಐದು ದಿನ ಹೋದರು. ಅವನ ಕಾಲಿಗೆ ಮೊದಲ ಸಲ ಸುಮ್ಮನಿರುವುದು ಬಂತು, ಹಡಗೇ ನಡೆಯುತ್ತಿತ್ತಲ್ಲ. ನಾಲ್ಕನೇ ದಿನ ಮೊರದವಳು ಗಾಢ ನಿದ್ದೆಯಿಂದ ಎದ್ದು ಕೂತು, ಮಣ್ಣಿಗೆ ಅವರ ಊರಲ್ಲಿ ಏನನ್ನುತ್ತಾರೋ ಆ ಮಾತು ಹೇಳಿದಳು. ಅವನು ಅದನ್ನೇ ಹೇಳಿದ. ಇಬ್ಬರೂ ಅದನ್ನು ಸಂಜೆಯ ತನಕ ಹೇಳಿದರು. ಐದನೇ ದಿನ ನೀರಿನ ಬಣ್ಣ ಕದಡಿತು. ಎಲ್ಲೋ ಹತ್ತಿರದಲ್ಲೇ ಒಂದು ನದಿ ಸಮುದ್ರಕ್ಕೆ ಕೆಂಪು ಮಣ್ಣು ಹೊತ್ತು ತರುತ್ತಿತ್ತು.

ಆರನೇ ದಿನ ಬೆಳಿಗ್ಗೆ ಬಿಳಿ ಪಟ ಕಾಣಿಸಿತು.

ಗುಡುಗು ಹೊಡೆಯಿತು. ಹಡಗು ಪಕ್ಕಕ್ಕೆ ಬಂತು. ಈ ಸಲದ ಕಪ್ತಾನ ಹೊಸಬ, ಇನ್ನೂ ಗಡ್ಡ ಗಟ್ಟಿಯಾಗದವನು. ಬಗ್ಗಿ ನೋಡಿದ, ಅವನಿಗೂ ಅಳು ಬಂತು. ದುಭಾಷಿ ಕೂಗಿದ: "ನಿಮಗೆ ಬಿಡುಗಡೆ ಆಯಿತು!"

"ನಮಗೆ ಆಗಲೇ ಆಗಿದೆ" ಅಂದ ತಿರುಗಾಲ, ಬಿಲ್ಲೆ ಎತ್ತಿ ತೋರಿಸುತ್ತಾ. ನಲವತ್ತೊಂದು ಬಿಲ್ಲೆ ಮೇಲೆದ್ದವು. "ನಾವು ಊರಿಗೆ ಹೊರಟಿದ್ದೀವಿ. ದಾರಿ ಬಿಡಿ ಅಂತ ಹೇಳು."

ಕಪ್ತಾನ ಕೇಳಿಸಿಕೊಂಡ. ಅವನ ಮುಖದಲ್ಲಿ ಮರುಕ ಇನ್ನೂ ಹೆಚ್ಚಾಯಿತು.

"ಈ ಹಡಗಿನ ಯಜಮಾನ ಯಾರು ಅಂತ ಕೇಳ್ತಿದ್ದಾರೆ" ಅಂದ ದುಭಾಷಿ.

"ಯಾರೂ ಇಲ್ಲ. ನಾವೇ."

"ನಿಮ್ಮನ್ನ ಯಾರು ಹೊತ್ತುಕೊಂಡು ಹೋಗ್ತಿದ್ದಾರೆ?"

"ನಮ್ಮನ್ನ ನಾವೇ ಹೊತ್ಕೊಂಡು ಹೋಗ್ತಿದ್ದೀವಿ ಮಾರಾಯ!"

ದುಭಾಷಿ ಅದನ್ನು ಹೇಳಿದ. ಕಪ್ತಾನ ತಲೆ ಅಲ್ಲಾಡಿಸಿ ತನ್ನವರ ಜೊತೆ ಮಾತಾಡಿದ. "ನಿಮ್ಮಂಥವರು ಇಷ್ಟು ಜನ ಒಂದು ಹಡಗಲ್ಲಿದ್ರೆ ಹೊತ್ತುಕೊಂಡು ಹೋಗೋನು ಒಬ್ಬ ಇದ್ದೇ ಇರ್ತಾನಂತೆ. ನೀವು ಹೆದರಿ ಹೇಳ್ತಿಲ್ಲ ಅಂತಾರೆ. ಹೆದರಬೇಡಿ ಅಂತಾರೆ."

ಮೊರದವಳು ಪಟದ ಹಗ್ಗ ಬಿಡಲಿಲ್ಲ. ಇಬ್ಬರು ನಾವಿಕರು ಅವಳ ಬೆರಳುಗಳನ್ನು ಒಂದೊಂದಾಗಿ, ತುಂಬಾ ಮೆತ್ತಗೆ, ಬಿಡಿಸಿದರು. ನೋವಾಗಬಾರದು ಅಂತ.

ಕೆಂಪು ನೀರು ಹಿಂದೆ ಉಳಿಯಿತು. ತಿರುಗಾಲ ಅದು ನೀಲಿಯಾಗುವ ತನಕ ನೋಡುತ್ತಾ ಕೂತ. ಒಂದೇ ಕಡೆ ಕೂತ.

*

ಗಂಟೆ ಮೂರು ಸಲ ಹೊಡೆಯಿತು.

ಬಾಗಿಲುಗಳ ಹಡಗನ್ನು ದಡಕ್ಕೆಳೆದರು. ನ್ಯಾಯಾಧೀಶ ಪುಸ್ತಕ ತೆರೆದ. ಅದೇ ಟೋಪನ್ನು, ಒಳಗೆ ಬೇರೆ ತಲೆ. ನಲವತ್ತೊಂದು ಜನರನ್ನು ಎರಡನೇ ಸಲ ಬಿಡಿಸಿದ್ದಕ್ಕೆ ಕಪ್ತಾನನಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

"ದಿಬ್ಬದಲ್ಲಿ ಜಾಗವಿಲ್ಲ" ಅಂತ ದುಭಾಷಿ ನ್ಯಾಯಾಧೀಶನ ಮಾತು ಕೂಗಿದ. "ಇನ್ನು ಮೇಲೆ ಮುಂದಿನ ಅರ್ಧದವರು ಕಬ್ಬಿನ ದ್ವೀಪಕ್ಕೆ. ಆಳಾಗಿ ಅಲ್ಲ, ಸ್ವಂತ ಇಷ್ಟದ ಮೇಲೆ. ನಮ್ಮದೇ ಹಡಗಲ್ಲಿ ಕಳಿಸಿಕೊಡ್ತೀವಿ."

ಕಬ್ಬಿನ ದ್ವೀಪದ ವಿಷಯ ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೂ ಇಲ್ಲಿಗೂ ನಡುವೆ ಎರಡು ತಿಂಗಳ ನೀರು. ಅಲ್ಲಿ ಕೂಗಿದರೆ ಕೇಳಿಸಿಕೊಳ್ಳುವ ದಂಡೆ ಇಲ್ಲ. ಹೋದವರ ಬಿಲ್ಲೆ ಕೂಡ ತಿರುಗಿ ಬಂದದ್ದಿಲ್ಲ.

"ಯಾರು ಎಲ್ಲಿ ಮಲಗಿದ್ದಿರೋ ಅದರ ಮೇಲೆಯೇ ನಿಲ್ಲಿ!"

ನಲವತ್ತೊಂದು ಜನ ನಿಂತರು. ಆರು ದಿನ ಅವರು ಒಬ್ಬರನ್ನೊಬ್ಬರು ಬಿಡದೆ ಮಲಗಿದ್ದರು, ಹಾಗಾಗಿ ಒತ್ತಿಕೊಂಡೇ ನಿಂತರು. ಊರಲ್ಲಿ ಗೆರೆ ಎಳೆಯಲು ಬಲ್ಲವನು ಒಬ್ಬನೇ ಇದ್ದ. ಸುಣ್ಣದ ದಾರ ತಂದು ಅವನ ಕೈಗೇ ಕೊಟ್ಟರು.

ತಿರುಗಾಲ ಹಡಗಿನ ಉದ್ದಕ್ಕೂ ನೋಡಿದ. ನಡುವೆ ಎಳೆದರೆ ಬಾಣಂತಿಯ ಮಗಳು ಆಚೆ, ಅವಳ ಅಜ್ಜಿ ಈಚೆ. ಗೇಣು ಹಿಂದೆ ಎಳೆದರೆ ಹಳ್ಳದ ಕೆಸರಲ್ಲಿ ಕೂಡಿದ ಗಂಡ ಹೆಂಡತಿ. ಗೇಣು ಮುಂದೆ, ಅಕ್ಕ ತಂಗಿ. ಅಜ್ಜ ಹೇಳಿದ್ದು ನಿಜ. ಖಾಲಿ ಜಾಗ ಎಲ್ಲೂ ಇರಲಿಲ್ಲ. ಮೊರದವಳು ಅವನ ಪಕ್ಕ, ಭುಜಕ್ಕೆ ಭುಜ ತಾಗಿಸಿ ನಿಂತಿದ್ದಳು.

"ಈ ಸಲ ಕಾಲು ಮುಂದಿಟ್ಟೆ ಅಂದ್ರೆ ಮುರಿದು ಹಾಕ್ತೀನಿ" ಅಂದಳು ಮೆಲ್ಲಗೆ. "ಹೋದ್ರೆ ಕಬ್ಬಿಗೆ ಇಬ್ರೂ ಹೋಗೋಣ. ಉಳಿದ್ರೆ ಉಪ್ಪಿಗೆ ಇಬ್ರೂ ಉಳಿಯೋಣ."

ಅವನು ಅವಳ ಮುಖ ನೋಡಿದ. ಮಣ್ಣಿನ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಕಬ್ಬಿನ ದ್ವೀಪದಲ್ಲಿ ಅದು ಎಷ್ಟು ದಿನ ಉಳಿದೀತು? ಇಲ್ಲಾದರೆ ಇನ್ನೊಂದು ಹಡಗು ಬರಬಹುದು, ಅದರಲ್ಲಿ ಗುಡ್ಡದಾಚೆಯವರು ಒಬ್ಬರಾದರೂ ಇರಬಹುದು.

"ಪಟ ಜೋತುಬಿದ್ದಿದೆ ನೋಡು" ಅಂದ. "ನಿನ್ನ ಕೈಯಿಂದ ಹೆಣೆದದ್ದು, ಅವರು ಕಾಲಲ್ಲಿ ತುಳೀತಾರೆ. ಹೋಗಿ ಮಡಿಚಿಟ್ಟು ಬಾ. ಅಲ್ಲೀತನಕ ನಾನು ಎಳೆಯಲ್ಲ."

ಅವಳು ಅವನ ಕಾಲು ನೋಡಿದಳು. ಎರಡೂ ನೆಟ್ಟಗೆ ನಿಂತಿದ್ದವು. ನಂಬಿ ಹಿಂದಕ್ಕೆ ಹೋದಳು.

ಅವನು ಮುಂದಕ್ಕೆ ಹೆಜ್ಜೆ ಇಟ್ಟ. ಒಂದಲ್ಲ, ಒಂಬತ್ತು. ಹಡಗಿನ ಮೂತಿಯ ತುದಿ, ಒಬ್ಬ ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದ ತುದಿ, ಅಲ್ಲಿ ಹೋಗಿ ತಿರುಗಿ ನಿಂತ. ತನ್ನ ಕಾಲ ಮುಂದೆಯೇ ದಾರ ಹಿಡಿದು ಎಳೆದು ಬಿಟ್ಟ. ಚಿಟ್ಟನೆ ಸದ್ದಾಯಿತು.

ಒಂದು ಕಡೆ ನಲವತ್ತು ಜನ. ಒಂದು ಕಡೆ ಅವನು.

"ಇದೆಂಥ ಅರ್ಧ?" ಅಂದ ನ್ಯಾಯಾಧೀಶ.

"ಎರಡೂ ಸಮ ಇರಬೇಕು ಅಂತ ಪುಸ್ತಕದಲ್ಲಿದೆಯಾ, ಕೇಳು" ಅಂದ ತಿರುಗಾಲ, ದುಭಾಷಿಗೆ.

ನ್ಯಾಯಾಧೀಶ ಹಾಳೆ ತಿರುವಿದ. ಹಿಂದಿನಿಂದ ಮುಂದಕ್ಕೆ ತಿರುವಿದ, ಮುಂದಿನಿಂದ ಹಿಂದಕ್ಕೆ ತಿರುವಿದ. ಎರಡಾಗಬೇಕು ಅಂತಷ್ಟೇ ಬರೆದಿತ್ತು. ಗೆರೆ ಅಷ್ಟರಲ್ಲಿ ಒಣಗಿತ್ತು.

ಮೊರದವಳು ಮಡಿಚಿದ ಪಟ ಎದೆಗೆ ಅವುಚಿಕೊಂಡು ಬಂದವಳು ಗೆರೆ ನೋಡಿ ನಿಂತಳು. "ಏ! ಹಿಂದೆ ಬಾರೋ!" ಅಂದಳು. ಈ ಸಲ ನಗಲಿಲ್ಲ.

ಅವನು ಬಂದೆ ಅನ್ನಲಿಲ್ಲ.

"ನಿನ್ನ ಕಾಲು ಸೇದಿಹೋಗ! ನಿನ್ನ ಕಾಲಿಗೆ ಬೆಂಕಿ ಬೀಳ! ಪಟ ಮಡಿಚು ಅಂತ ನನ್ನ ಕಳಿಸಿ..." ಅವಳು ಗೆರೆ ದಾಟಲು ಹೋದಳು. ಬೆತ್ತ ಅಡ್ಡ ಬಂತು. ಅವಳು ಬೆತ್ತವನ್ನು ಕಚ್ಚಿದಳು. ನಾಲ್ಕು ಜನ ಅವಳನ್ನು ಹಿಡಿದುಕೊಂಡರು. ಹಿಡಿದವರು ಕಾವಲಿನವರಲ್ಲ, ಅವಳ ಕಡೆಯ ನಲವತ್ತರಲ್ಲಿನವರು. ಅವರು ಅವನ ಕಡೆ ತಲೆ ಎತ್ತಿ ನೋಡಲಿಲ್ಲ.

ಗರಗಸದ ಮೇಲಿನ ಹಿಡಿ ಅವನೇ ಹಿಡಿದ. ಕೊಯ್ಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

*

ಮಾರನೇ ಬೆಳಿಗ್ಗೆ ಕಬ್ಬಿನ ದ್ವೀಪದ ಹಡಗು ಇಡಿಯಾಗಿ ನಿಂತಿತ್ತು. ತಿರುಗಾಲ ಹಳ್ಳದ ಈ ದಂಡೆಯಲ್ಲಿ ಕೂತು ಗಂಟು ಕಟ್ಟುತ್ತಿದ್ದ. ಕೊರಳಲ್ಲಿ ಈಗ ಎರಡು ಬಿಲ್ಲೆ, ಎರಡು ಸಲದ ಬಿಡುಗಡೆ, ನಡೆದರೆ ಒಂದಕ್ಕೊಂದು ಬಡಿಯುತ್ತಿದ್ದವು. ಸುಣ್ಣದ ದಾರವನ್ನು ಸುತ್ತಿ ಗುಂಡಿಗೆ ಎಸೆದು ಬಂದಿದ್ದ. ಕಟ್ಟಳೆಯಂತೆ ಅವನ ಅರ್ಧದ ಹಲಗೆ ಅವನಿಗೆ ಕೊಟ್ಟಿದ್ದರು. ಮೂತಿಯ ತುದಿಯದು, ಮೊಳದುದ್ದ. ಬಾಗಿಲಾಗಲು ಸಾಲದು. ಕಿಟಕಿಗೂ ಸಾಲದು. ಆದರೂ ಗಂಟಿನಲ್ಲಿ ಇಟ್ಟ.

ಆಚೆ ದಂಡೆಯಲ್ಲಿ ಅವಳು ಬಂದು ನಿಂತಳು. ಅದು ಕೂಗುವ ದಿನವಲ್ಲ. ಕಾವಲಿನ ದೋಣಿಯವನು ಎದ್ದು ನೋಡಿದ, ಆಮೇಲೆ ಬೆನ್ನು ತಿರುಗಿಸಿ ಬಲೆ ಬಿಡಿಸುತ್ತಾ ಕೂತ.

ಅವಳ ಹಿಂದೆ ಮೂವತ್ತೊಂಬತ್ತು ಜನ ಉಪ್ಪಿನ ಗದ್ದೆಗೆ ಇಳಿಯುತ್ತಿದ್ದರು. ಬಾಣಂತಿಯ ಮಗಳು ಅಜ್ಜಿಯ ಕೈ ಹಿಡಿದಿದ್ದಳು.

"ಎಲ್ಲಿಗೋ?" ಅಂತ ಕೂಗಿದಳು, ಗೊತ್ತಿದ್ದೂ.

"ಗಾಳಿ ಎಲ್ಲಿ ಸಿಕ್ಕಿಹಾಕ್ಕೊಂಡಿದೆಯೋ ನೋಡೋಣ ಅಂತ!"

"ಹಂಗೇ ಹೋಗ್ತಾರೇನೋ, ಹೇಳ್ದೆ ಕೇಳ್ದೆ?"

ಅವನ ಕೈ ಗಂಟಿನ ಮೇಲೆ ನಿಂತಿತು. ಕಣ, ರಾಶಿ, ಕೆಳಗಿಟ್ಟ ಮೊರ. ಎಷ್ಟು ಮಳೆಗೆ ನೆನೆದಿದೆಯೋ.

"ಹೋಗಿ ಬರ್ತೀನಿ!" ಅಂತ ಕೂಗಿದ. ಇನ್ನೊಂದು ಸಲ ಕೂಗಿದ.

ಆ ಮಾತಿಗೆ ಅವರ ಊರಲ್ಲಿ ಒಂದು ಉತ್ತರವಿತ್ತು. ಮನೆ ಬಿಡುವವರಿಗೆ ಮನೆಯಲ್ಲಿ ಉಳಿಯುವವರು ಹೇಳುವ ಉತ್ತರ. ಅವಳು ಅದನ್ನು ಹೇಳಲು ಬಾಯಿ ತೆರೆದಳು. ಮಾತು ನೆನಪಿಗೆ ಬರಲಿಲ್ಲ. ಅವಳು ಎರಡೂ ಕೈ ಎತ್ತಿ, ಇಲ್ಲದ ಮೊರ ಹಿಡಿದು, ಇಲ್ಲದ ಸಜ್ಜೆಯನ್ನು ಗಾಳಿಗೆ ತೂರಿದಳು. ಒಂದು ಸಲ. ಇನ್ನೊಂದು ಸಲ.

ಹಡಗಿನ ಗಂಟೆ ಹೊಡೆಯಿತು. ತಿರುಗಾಲ ಬಗ್ಗಿ, ಕಟ್ಟಿದ್ದ ಗಂಟನ್ನು ಬಿಚ್ಚಿ, ದಾರಿಯಲ್ಲಿ ಜಾರಿ ಬೀಳದ ಹಾಗೆ ಹಲಗೆಯನ್ನು ಅಡ್ಡಕ್ಕೆ ತಿರುಗಿಸಿ ಇಟ್ಟು, ಮತ್ತೆ ಬಿಗಿಯಾಗಿ ಕಟ್ಟತೊಡಗಿದ.